ಕಲ್ಲೆಹದ ಬಿನ್ನಹ

ಯಲಹಂಕ ಇಂದು ಬೆಂಗಳೂರಿನ ಉತ್ತರ ದಿಕ್ಕಿನ ಒಂದು ಬಡಾವಣೆ. ಹೆಬ್ಬಾಳದ ಮೇಲ್ಸೇತುವೆ ಇಳಿದು ವಿಮಾನ ನಿಲ್ದಾಣದತ್ತ ಹೊರಟವರು ಅದನ್ನು ಎಡಕ್ಕೆ ಬಿಟ್ಟು ಮುಂದೆ ಸಾಗುತ್ತಾರೆ. ಆದರೆ ಬೆಂಗಳೂರು ಎಂಬ ಪೇಟೆ ಏಳುವ ಮೊದಲೇ ಯಲಹಂಕ ಒಂದು ನಾಡಿನ ತಲೆಯೂರಾಗಿತ್ತು. ಆವತಿಯಿಂದ ಬಂದ ಗೌಡರ ಮನೆತನವೊಂದು ಇಲ್ಲಿ ಬೇರುಬಿಟ್ಟು, ವಿಜಯನಗರದ ಅರಸರಿಗೆ ನಡೆದುಕೊಂಡು, ಯಲಹಂಕ ನಾಡಪ್ರಭುಗಳೆಂದು ಹೆಸರಾಯಿತು. ಆ ಮನೆತನದ ಹಿರಿಯ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದ. ನೂರು ವರ್ಷ ಕಳೆದ ಮೇಲೆ, 1638ರಲ್ಲಿ, ಬಿಜಾಪುರದ ರಣದುಲ್ಲಾ ಖಾನನ ದಂಡು ಬೆಂಗಳೂರನ್ನು ಗೆದ್ದಾಗ ಪ್ರಭುಗಳು ಮಾಗಡಿಗೆ ಸರಿದರು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ತೆಗೆದುಕೊಳ್ಳುವವರೆಗೆ ಅಲ್ಲಿಂದಲೇ ಆಳಿದರು. ಊರು ಬಿಟ್ಟರೂ ಬಿರುದು ಬಿಡಲಿಲ್ಲ. ಮಾಗಡಿಯ ಅರಮನೆಯಲ್ಲಿ ಕುಳಿತವರೂ ಯಲಹಂಕ ನಾಡಪ್ರಭುಗಳೇ.

ಆ ಮಾಗಡಿ ಸೀಮೆಯಲ್ಲಿ ಕಲ್ಯ ಎಂಬ ಊರಿದೆ. ಶಾಸನಗಳು ಅದನ್ನು ಕಲ್ಲೆಹ ಎಂದು ಕರೆಯುತ್ತವೆ, ಪಟ್ಟಣವೆಂದು ಎಣಿಸುತ್ತವೆ. ಶಿವಕವಿ ಪಾಲ್ಕುರಿಕೆ ಸೋಮನಾಥ ತನ್ನ ಕೊನೆಯ ದಿನಗಳನ್ನು ಕಳೆದದ್ದು ಇಲ್ಲಿಯೇ ಎಂದು ವೀರಶೈವರ ಪ್ರತೀತಿ. ಜೈನ ವರ್ತಕರು ಬಾಳಿದ ಊರೂ ಇದೇ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಕಲ್ಯದ ಒಂದು ಕಲ್ಲಿನ ಪಾಠ ಸೇರಿದೆ. ಅದೇ ಒಕ್ಕಣೆಯ ಇನ್ನೊಂದು ಕಲ್ಲು ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ನಿಂತಿದೆ. ಎರಡೂ 1368ರ ಮಾತು ಆಡುತ್ತವೆ. ದೇವರ ವಿಚಾರಕ್ಕೆ ಹೊಡೆದಾಟಕ್ಕೆ ನಿಂತ ಎರಡು ಜನಗಳನ್ನು ಒಬ್ಬ ಅರಸ ಹೇಗೆ ಎದುರುಬದುರು ಕೂರಿಸಿದ ಎಂಬುದೇ ಆ ಮಾತು.

ದೇವರ ವಿಷಯ ಬಂದರೆ ಮಾತು ಯಾಕೆ ಇಷ್ಟು ಬೇಗ ಕೆಡುತ್ತದೆ ಎಂದು ನಾವು ಈಗಲೂ ಕೇಳಿಕೊಳ್ಳುತ್ತೇವೆ. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ದರ ಹೇಳುತ್ತಾ ಇದ್ದವರು, ಆರ್.ಟಿ. ನಗರದ ಓಣಿಯಲ್ಲಿ ಇಪ್ಪತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದವರು, ಮಕ್ಕಳ ಮದುವೆ, ನಲ್ಲಿ ನೀರು, ರಾಜಕೀಯ ಎಲ್ಲವನ್ನೂ ಮಾತಾಡಿ ಮುಗಿಸಬಲ್ಲರು. ‘ನಿಮ್ಮಲ್ಲಿ ಹಾಗಂತೆ, ಹೌದೇ?’ ಎಂಬಲ್ಲಿಗೆ ಮಾತು ಬಂದರೆ ಸಾಕು, ದನಿ ಏರುತ್ತದೆ, ಮುಖ ಬಿಗಿಯುತ್ತದೆ. ಜನ ಕೆಟ್ಟರು, ಕಾಲ ಕೆಟ್ಟಿತು ಎನ್ನುವುದು ಸುಲಭದ ಉತ್ತರ. ಕಾಲದ ಮೇಲೆ ಹೊರಿಸಲು ಇದು ಇಂದಿನ ಕಾಯಿಲೆಯಲ್ಲ. ಕನ್ನಡ ನಾಡಿನ ಕಲ್ಲುಗಳು ಇದರ ಚರಿತ್ರೆಯನ್ನು ಎಂಟು ನೂರು ವರ್ಷಗಳಿಂದ ಬರೆದಿಟ್ಟಿವೆ. ಆ ಕಲ್ಲುಗಳ ಮಾತನ್ನು ನಂಬುವುದಾದರೆ, ಜಗಳ ಹುಟ್ಟುವುದು ನಂಬಿಕೆ ಬೇರೆಯಾದ್ದರಿಂದಲ್ಲ. ಮಾತಿನ ಜತೆಗೆ ಬೇರೇನನ್ನೋ ಪಣಕ್ಕೆ ಒಡ್ಡಿರುತ್ತಾರೆ, ಅದರಿಂದ.

ನಂಬಿಕೆಗಳು ಬೇರೆಬೇರೆಯಾಗಿಯೂ ಒಂದೇ ನೆಲದಲ್ಲಿ ಇದ್ದುದಕ್ಕೆ ಯಲಹಂಕದ ಸುತ್ತಲೇ ಸಾಕ್ಷಿಯುಂಟು. ಇಲ್ಲಿಂದ ಉತ್ತರಕ್ಕೆ ಕಾಣುವ ನಂದಿಯ ಮಗ್ಗುಲಿನ ಗೋಪಿನಾಥ ಬೆಟ್ಟದ ಮೇಲೆ ವೈಷ್ಣವ ಗುಡಿಯಿದೆ. ಅದೇ ಬೆಟ್ಟದಲ್ಲಿ ಗಂಗರ ಕಾಲದ ಜೈನ ಶಾಸನವೂ ಇದೆ. ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಶಿವಾಲಯ. ಅರಸರು ಬದಲಾದರು, ಚೋಳರು ಬಂದರು, ಹೊಯ್ಸಳರು ಬಂದರು, ಗುಡಿಗಳ ಒಡೆತನ ಕೈಯಿಂದ ಕೈಗೆ ಹೋಯಿತು. ಕೆಲವು ಕಡೆ ಸದ್ದಿಲ್ಲದೆ, ಕೆಲವು ಕಡೆ ರಕ್ತ ಹರಿದು.

ರಕ್ತ ಹರಿದ ಒಂದು ಕಡೆಯ ಕಥೆಯನ್ನು ವಿವರವಾಗಿಯೇ ಹೇಳಬೇಕು. ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ 1200ರ ಸುಮಾರಿನ ಶಾಸನವೊಂದಿದೆ. ಅದರ ಕಥಾನಾಯಕ ಆಳಂದೆಯ ಶೈವ ಬ್ರಾಹ್ಮಣ ಪುರುಷೋತ್ತಮ ಭಟ್ಟನ ಮಗ ರಾಮ. ಶಿವನಲ್ಲದೆ ಇನ್ನೊಂದನ್ನು ನೆನೆಯದ ಏಕಾಂತ ಭಕ್ತಿಯಿಂದ ಏಕಾಂತದ ರಾಮಯ್ಯನೆನಿಸಿಕೊಂಡವನು. ಊರೂರು ಸುತ್ತಿ, ಹುಲಿಗೆರೆಯ ಸೋಮನಾಥನನ್ನು ಕಂಡು, ಅಬ್ಬಲೂರಿಗೆ ಬಂದು ಅಲ್ಲಿನ ಶಿವಾಲಯದಲ್ಲಿ ಇದ್ದ. ಊರಿನ ಮುಖ್ಯ ಸಂಕಗಾವುಂಡ ಜೈನ. ಅವನೂ ಅವನ ಕಡೆಯವರೂ ಶಿವನ ಸನ್ನಿಧಿಯಲ್ಲೇ ನಿಂತು ಜಿನನೇ ದೈವವೆಂದು ಸಾರತೊಡಗಿದರು ಎನ್ನುತ್ತದೆ ಶಾಸನ. ರಾಮಯ್ಯ ತಡೆದ. ಮಾತಿಗೆ ಮಾತು ಬೆಳೆಯಿತು.

ಇಲ್ಲಿಯವರೆಗೆ ಇದು ವಾದ. ಅಲ್ಲಿಂದ ಮುಂದೆ ವಾದವಾಗಿ ಉಳಿಯಲಿಲ್ಲ. ತಲೆ ಕತ್ತರಿಸಿ ಶಿವನಿಗೆ ಅರ್ಪಿಸಿ ಮರಳಿ ಪಡೆಯುತ್ತೇನೆ, ಪಡೆದರೆ ನೀವೇನು ಕೊಡುತ್ತೀರಿ ಎಂಬ ಸವಾಲು ಬಂತು. ಬಸದಿಯ ಜಿನನನ್ನು ಕಿತ್ತು ಶಿವನನ್ನು ನಿಲ್ಲಿಸುತ್ತೇವೆ ಎಂದು ಎದುರಿನವರು ಒಪ್ಪಿದರು. ಬಾಯಿಮಾತು ಸಾಲದೆಂದು ಓಲೆ ಬರೆಸಿಕೊಂಡದ್ದೂ ಆಯಿತು. ರಾಮಯ್ಯ ತಲೆ ಕೊಟ್ಟ, ಏಳು ದಿನದ ಮೇಲೆ ಕಲೆಯೂ ಇಲ್ಲದಂತೆ ಮರಳಿ ಪಡೆದ ಎಂದು ಕಲ್ಲು ಹೇಳುತ್ತದೆ. ಭಕ್ತರು ಅದನ್ನು ಪವಾಡವೆಂದು ನಂಬುತ್ತಾರೆ, ಹರಿಹರ ಕವಿ ಅವನ ಮೇಲೆ ರಗಳೆಯನ್ನೇ ರಚಿಸಿದ. ಜೈನರು ಜಿನನನ್ನು ಒಡೆಯಬೇಡವೆಂದು ಬೇಡಿಕೊಂಡರು. ರಾಮಯ್ಯ ಕೇಳಲಿಲ್ಲ. ಅಡ್ಡ ಬಂದ ಆಳು ಕುದುರೆಗಳನ್ನು ಚದುರಿಸಿ ಜಿನಬಿಂಬವನ್ನು ಒಡೆದು ಲಿಂಗವನ್ನು ಪ್ರತಿಷ್ಠೆ ಮಾಡಿದ. ಗುಡಿಯ ಶಿಲ್ಪಪಟ್ಟಿಕೆಗಳಲ್ಲಿ ಈ ಜಗಳವನ್ನು ಕೆತ್ತಿ, ಕೆಳಗೆ ಇಂಥವನು ಇಂಥದ್ದನ್ನು ಮಾಡಿದ ಎಂದು ಅಕ್ಷರವನ್ನೂ ಕೊರೆದಿದ್ದಾರೆ.

ಜೈನರು ಕಲ್ಯಾಣದ ಬಿಜ್ಜಳನ ಬಳಿ ದೂರು ಒಯ್ದರು. ಅರಸ ರಾಮಯ್ಯನನ್ನು ಕರೆಸಿ ಕೇಳಿದ. ರಾಮಯ್ಯ ಓಲೆ ತೋರಿಸಿದ. ಬೇಕಾದರೆ ಈ ಪಣವನ್ನು ಮತ್ತೊಮ್ಮೆ ಆಡೋಣ, ಈ ಸಾರಿ ಹುಲಿಗೆರೆಯ ಆನೆಸೆಜ್ಜೆಯ ಬಸದಿಯೂ ಸೇರಿದಂತೆ ಏಳುನೂರು ಬಸದಿಗಳನ್ನು ಒಡ್ಡಿರಿ ಎಂದ. ಜೈನರು ಒಲ್ಲೆವೆಂದರು. ಬಿಜ್ಜಳ ಅವರನ್ನು ಹೀಗಳೆದು, ಸುಮ್ಮನೆ ಹೋಗಿ ಬಾಳಿಕೊಳ್ಳಿರೆಂದು ಕಳಿಸಿ, ರಾಮಯ್ಯನಿಗೆ ಜಯಪತ್ರ ಕೊಟ್ಟ. ದೇವಾಲಯಕ್ಕೆ ಊರೊಂದು ಉಂಬಳಿಯಾಯಿತು. ಆಮೇಲೆ ಬಂದ ಚಾಲುಕ್ಯ ಸೋಮೇಶ್ವರನೂ ಕದಂಬ ಕಾಮದೇವನೂ ಒಂದೊಂದು ಊರು ಬಿಟ್ಟರು.

ಇದು ಗೆದ್ದವರು ಬರೆಸಿದ ಕಲ್ಲು. ಸಂಕಗಾವುಂಡನ ಕಡೆಯವರು ತಮ್ಮ ಮಕ್ಕಳಿಗೆ ಈ ಕಥೆಯನ್ನು ಹೇಗೆ ಹೇಳಿದರೋ, ಅದಕ್ಕೆ ಕಲ್ಲಿಲ್ಲ. ಆದರೂ ಗೆದ್ದವರ ಬಾಯಿಂದಲೇ ನಾವು ತಿಳಿಯಬೇಕಾದ್ದು ತಿಳಿಯುತ್ತದೆ. ಇಡೀ ಶಾಸನದಲ್ಲಿ ಜಿನನ ಕುರಿತು ಶಿವಭಕ್ತನ ತಕರಾರೇನು, ಶಿವನ ಕುರಿತು ಜೈನನ ಸಂದೇಹವೇನು ಎಂಬುದಕ್ಕೆ ಹೆಚ್ಚು ಜಾಗವಿಲ್ಲ. ಜೀವ ಎಂದರೇನು, ಕರ್ಮ ಹೇಗೆ ಅಂಟುತ್ತದೆ, ಲೋಕಕ್ಕೆ ಕರ್ತೃವೊಬ್ಬ ಬೇಕೇ ಎಂದು ಶತಮಾನಗಳ ಕಾಲ ಪಂಡಿತರು ತಲೆ ಕೆಡಿಸಿಕೊಂಡ ಪ್ರಶ್ನೆಗಳು ಅಬ್ಬಲೂರಿನ ಬಯಲಿಗೆ ಬರಲೇ ಇಲ್ಲ. ಬಂದದ್ದು ಓಲೆ. ಸೋತವನು ತನ್ನ ದೇವರನ್ನು ತಾನೇ ಕೀಳಬೇಕು ಎಂಬ ಕರಾರು. ಅಂಥ ಕರಾರಿಗೆ ಒಪ್ಪಿದ ಮೇಲೆ ಎದುರಿನವನ ಮಾತಿನಲ್ಲಿ ಎಳ್ಳಷ್ಟು ಸತ್ಯ ಕಂಡರೂ ಒಪ್ಪುವುದೆಂತು? ಒಪ್ಪಿದರೆ ಊರಿನ ಗುಡಿ ಹೋಗುತ್ತದೆ, ಗುಡಿಯ ಹೊಲ ಹೋಗುತ್ತದೆ, ಜಾತ್ರೆಯ ದಿನ ಮುಂದೆ ನಿಲ್ಲುವ ಮರ್ಯಾದೆ ಹೋಗುತ್ತದೆ, ಹೆಂಡತಿ ಮಕ್ಕಳು ಬೆಳಗಾದರೆ ಕೈಮುಗಿಯುವ ಮೂರ್ತಿ ಹೋಗುತ್ತದೆ. ಹೀಗೆ ಬೆನ್ನು ಗೋಡೆಗೆ ಹತ್ತಿದವನು ಕಿವಿ ಕೊಡುವುದಿಲ್ಲ, ಕೈ ಎತ್ತುತ್ತಾನೆ.

ಮೂರನೆಯವನೊಬ್ಬ ಇರುವುದನ್ನೂ ಮರೆಯಬಾರದು. ಜಯಪತ್ರ ಕೊಡುವವನು. ಇಬ್ಬರೇ ಕುಳಿತು ಮಾತಾಡಿದ್ದರೆ ರಾಮಯ್ಯನೂ ಸಂಕಗಾವುಂಡನೂ ಬೇಸತ್ತು ಮನೆಗೆ ಹೋಗಿರುತ್ತಿದ್ದರೇನೋ. ಸುತ್ತ ಊರು ನೆರೆದಿತ್ತು, ಅದರಾಚೆ ಅರಮನೆ ಕಾದಿತ್ತು, ಗೆದ್ದವರಿಗೆ ಉಂಬಳಿ ಇತ್ತು. ನೋಡುವವರಿದ್ದಾಗ ಮಾತಿನ ಗುರಿ ಎದುರಿನವನ ಮನಸ್ಸು ಆಗಿರುವುದಿಲ್ಲ. ಇಂದೂ ಹಾಗೆಯೇ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟು ತಿಂದವರು ಪೆಟ್ಟಿನ ನೋವು ಬಲ್ಲರು, ಆದ್ದರಿಂದ ಇನ್ನೊಬ್ಬರನ್ನು ಹೊಡೆಯರು ಎಂದು ನಾವು ಎಣಿಸುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಶ್ರೀವೈಷ್ಣವರ ಕಥೆ ನೋಡಿ. ಶಿವನೇ ಪರದೈವವೆಂದು ಬರೆದು ಸಹಿ ಹಾಕಬೇಕೆಂದು ಚೋಳ ಅರಸನೊಬ್ಬ ಹಟ ಹಿಡಿದ, ಒಪ್ಪದ ಶಿಷ್ಯ ಕೂರೇಶರು ಕಣ್ಣು ಕಳೆದುಕೊಂಡರು, ಗುರು ರಾಮಾನುಜರು ಮೇಲುಕೋಟೆಯ ಕಡೆಗೆ ಬಂದರು ಎಂದು ಅವರ ಗುರುಪರಂಪರೆ ನೆನೆಯುತ್ತದೆ. ಕನ್ನಡ ನೆಲ ಅವರಿಗೆ ಆಸರೆಯಾಯಿತು. ಹೊಯ್ಸಳ ವಿಷ್ಣುವರ್ಧನ ಬೆಂಬಲವಾದ. 1323ರಲ್ಲಿ ದೆಹಲಿಯ ದಂಡು ಶ್ರೀರಂಗದ ಮೇಲೆ ಬಿದ್ದಾಗ ರಂಗನಾಥನ ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಭಕ್ತರು ಊರೂರು ಅಲೆದರು. ಆ ಮೂರ್ತಿ ಮರಳಿ ಶ್ರೀರಂಗ ಸೇರಿದ್ದು 1371ರಲ್ಲಿ, ವಿಜಯನಗರದ ಅಧಿಕಾರಿ ಗೋಪಣ್ಣನ ಕೈಯಿಂದ. ಅಂದರೆ ನಾವು ಹೇಳಹೊರಟ 1368ರಲ್ಲಿ ಅವರ ದೇವರಿಗೇ ಸ್ವಂತ ಊರಿರಲಿಲ್ಲ. ಆ ಹೊತ್ತಿನಲ್ಲೇ ಅವರ ಕಡೆಯವರು ಕನ್ನಡ ನಾಡಿನ ಜೈನರ ಮೇಲೆ ಕೈ ಮಾಡುತ್ತಿದ್ದರು. ನೊಂದವರ ನೆನಪು ಎರಡು ಅಲಗಿನದು: ಒಮ್ಮೆ ಕರುಣೆಯಾಗುತ್ತದೆ, ಒಮ್ಮೆ ‘ಇನ್ನು ನಮ್ಮ ಸರದಿ’ ಎನ್ನುತ್ತದೆ.

ಜೈನರ ದಿನಗಳು ಆಗಲೇ ಇಳಿಮುಖವಾಗಿದ್ದವು. ಗಂಗರ ಕಾಲದಲ್ಲಿ ಮಂತ್ರಿಗಳೂ ದಂಡನಾಯಕರೂ ಆಗಿದ್ದವರು, ಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದವರು, 1159ರಲ್ಲಿ ಭಂಡಾರಿ ಹುಳ್ಳನಂಥ ಹೊಯ್ಸಳ ಅಧಿಕಾರಿಯ ಕೈಯಿಂದ ದೊಡ್ಡ ಬಸದಿ ಕಟ್ಟಿಸಿಕೊಂಡವರು, ಹದಿನಾಲ್ಕನೆಯ ಶತಮಾನಕ್ಕೆ ವರ್ತಕರಾಗಿ ಪಟ್ಟಣಗಳಲ್ಲಿ ಚದುರಿದ್ದರು. ಹಣವಿತ್ತು, ಬಲವಿರಲಿಲ್ಲ. ತಂಟೆ ಬಂದದ್ದು ಶಾಸ್ತ್ರಕ್ಕಲ್ಲ, ಸದ್ದಿಗೆ. ಬಸದಿಯ ಉತ್ಸವಕ್ಕೆ ಪಂಚಮಹಾವಾದ್ಯ ಬಾರಿಸಬಹುದೇ, ಕಳಶ ಹಿಡಿಯಬಹುದೇ ಎಂಬುದು ತಕರಾರು. ಹೊರಗಿನವರಿಗೆ ಇದು ಚಿಕ್ಕ ಮಾತು. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಗೊತ್ತು, ತಮಟೆ ಯಾರ ಬೀದಿಯಲ್ಲಿ ನಿಲ್ಲಬೇಕು, ತೇರು ಯಾವ ಮನೆಯ ಮುಂದೆ ತಿರುಗಬೇಕು ಎಂಬುದಕ್ಕೆ ತಲೆತಲಾಂತರದ ಹಗೆ ಹುಟ್ಟುತ್ತದೆ. ವಾದ್ಯ ಎಂದರೆ ನಾವೂ ಈ ಊರಿನವರು ಎಂಬ ಸಾರಿಕೆ. ಅದನ್ನು ತಡೆದರೆ ‘ನಿಮ್ಮ ದೇವರು ಇರಲಿ, ಆದರೆ ನೀವು ಇಲ್ಲಿಯವರಲ್ಲ’ ಎಂದಂತೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ, ಈ ಮೊದಲಾದ ನಾಡುಗಳ ಜೈನರು ಕೂಡಿ ವಿಜಯನಗರದ ಅರಸ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಭಕ್ತರು, ಎಂದರೆ ಶ್ರೀವೈಷ್ಣವರು, ಮಾಡುತ್ತಿರುವ ಅನ್ಯಾಯವನ್ನು ಹೇಳಿಕೊಂಡರು. ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ ತೀರ್ಪು ಹೊರಟಿತು.

ಆ ಸಭೆಗೆ ಬಂದವರ ಪಟ್ಟಿ ಉದ್ದವಾಗಿದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು. ಅವರೊಂದಿಗೆ ಹದಿನೆಂಟು ನಾಡಿನ ಶ್ರೀವೈಷ್ಣವರು. ಆ ಎಣಿಕೆಯಲ್ಲಿ ತಿರುಕುಲದವರೂ ಜಾಂಬವಕುಲದವರೂ, ಎಂದರೆ ಊರಾಚೆ ಬಾಳುತ್ತಿದ್ದ ಜನರೂ, ಹೆಸರು ಹಿಡಿದು ಸೇರಿದ್ದಾರೆ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮಠದ ಹಿರಿಯರು ಒಪ್ಪಿ, ಬೀದಿಯಲ್ಲಿ ಕೋಲು ಹಿಡಿಯುವವರು ಒಪ್ಪದೆ ಹೋದ ಸಂಧಾನಗಳು ಎಷ್ಟೋ ಮುರಿದಿವೆ. ಬುಕ್ಕರಾಯ ಎಲ್ಲರನ್ನೂ ಕರೆಸಿದ.

ಕರೆಸಿ ಏನು ಮಾಡಿದ? ಯಾರ ದರ್ಶನ ಸರಿ ಎಂದು ಕೇಳಲಿಲ್ಲ. ಅವನಿಗೆ ಕೇಳಲು ಬಾರದೆಂದಲ್ಲ. ಅವನ ಮನೆತನ ವಿರೂಪಾಕ್ಷನ ಒಕ್ಕಲು, ಕ್ರಿಯಾಶಕ್ತಿ ಗುರುಗಳ ಶಿಷ್ಯವರ್ಗ. ವೇದಭಾಷ್ಯ ಬರೆದ ಸಾಯಣ, ಮಾಧವರಂಥ ಪಂಡಿತರು ಅವನ ಆಸರೆಯಲ್ಲೇ ಇದ್ದರು. ಅವನ ದಂಡನಾಯಕ ಬೈಚಪ್ಪ ಜೈನ, ಆ ಬೈಚಪ್ಪನ ಮಗ ಇರುಗಪ್ಪನೇ ಮುಂದೆ ಹಂಪೆಯಲ್ಲಿ ಕುಂಥು ಜಿನಾಲಯ ಕಟ್ಟಿಸಿದವನು. ವಾದ ನಡೆಸಬೇಕೆಂದಿದ್ದರೆ ವಿಜಯನಗರದಲ್ಲಿ ವಾದಿಗಳಿಗೆ ಬರವಿರಲಿಲ್ಲ. ಅರಸ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯೊಳಗೆ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ನುಡಿದ. ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯವೂ ಕಳಶವೂ ಸಲ್ಲತಕ್ಕದ್ದೆಂದ. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯಾಗಲಿ ವೃದ್ಧಿಯಾಗಲಿ, ವೈಷ್ಣವರು ಅದನ್ನು ತಮಗೇ ಆದ ಹಾನಿ ವೃದ್ಧಿಯೆಂದು ಎಣಿಸಬೇಕೆಂದ. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಿಸುವ ಹೊಣೆಯನ್ನು ಶ್ರೀವೈಷ್ಣವರ ಮೇಲೆಯೇ ಹೊರಿಸಿದ.

ಭೇದವಿಲ್ಲ ಎಂದದ್ದು ತತ್ತ್ವದ ಮಾತೆಂದು ತಿಳಿದರೆ ಅದು ಸುಳ್ಳೇ. ಜಗತ್ತಿಗೆ ಕರ್ತೃವಿಲ್ಲವೆನ್ನುವ ಜೈನನಿಗೂ ಶ್ರೀಮನ್ನಾರಾಯಣನೇ ಸರ್ವಸ್ವವೆನ್ನುವ ವೈಷ್ಣವನಿಗೂ ಭೇದ ಬೆಟ್ಟದಷ್ಟು. ಸಭೆಯಲ್ಲಿದ್ದ ಆಚಾರ್ಯರಿಗೆ ಅದು ತಿಳಿಯದೆ? ಅರಸ ಹೇಳಿದ್ದು ತನ್ನ ನೆಲದಲ್ಲಿ ಬಾಳುವ ಹಕ್ಕಿನ ಮಾತು. ತತ್ತ್ವದ ವಾದವನ್ನು ಅವರವರ ಮಠಕ್ಕೂ ಬಸದಿಗೂ ಬಿಟ್ಟ. ವಾದ್ಯ, ಕಳಶ, ಬೀದಿ, ಕಾವಲು, ಇವನ್ನು ವಾದದ ಕೈಯಿಂದ ಬಿಡಿಸಿಕೊಂಡ. ಅಬ್ಬಲೂರಿನಲ್ಲಿ ಓಲೆಯಲ್ಲಿ ಒಟ್ಟಿಗೆ ಗಂಟು ಹಾಕಿದ್ದ ಎರಡನ್ನು ಇಲ್ಲಿ ಬಿಚ್ಚಿದರು. ಇನ್ನು ಜೈನನು ವಾದದಲ್ಲಿ ಸೋತರೂ ಅವನ ಬಸದಿಯ ಮುಂದೆ ವಾದ್ಯ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ಎದುರಿನವನ ಮಾತನ್ನು ಅವನು ತಾಳ್ಮೆಯಿಂದ ಕೇಳಬಲ್ಲ.

ಹಾನಿ ವೃದ್ಧಿಯ ಆ ಒಂದು ಷರತ್ತಿನ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಪರಸ್ಪರ ಸಹಿಸಿಕೊಳ್ಳಿರಿ ಎಂದು ಇಬ್ಬರಿಗೂ ಸಮನಾಗಿ ಬುದ್ಧಿ ಹೇಳುವುದು ದೊರೆಗಳ ಹಳೆಯ ರೂಢಿ. ಬುಕ್ಕರಾಯ ಹಾಗೆ ಮಾಡಲಿಲ್ಲ. ಹೊಣೆಯನ್ನು ಬಲವುಳ್ಳವರ ಹೆಗಲಿಗೆ ಹಾಕಿದ. ಸೂರ್ಯಚಂದ್ರರು ಇರುವವರೆಗೆ ವೈಷ್ಣವ ಸಮಯವು ಜೈನ ದರ್ಶನವನ್ನು ಕಾಯಬೇಕು. ಆನೆಗೊಂದಿಯಿಂದ ಕಲ್ಲೆಹದವರೆಗೆ ಎಲ್ಲಿಯೇ ಒಂದು ಬಸದಿಗೆ ಕಲ್ಲು ಬಿದ್ದರೂ ಅದು ತಿರುಮಲೆಯ ಆಚಾರ್ಯರ ಮರ್ಯಾದೆಗೆ ಬಿದ್ದ ಕಲ್ಲು. ಕೊನೆಯಲ್ಲಿ ಶಾಪವಾಕ್ಯ: ಈ ಧರ್ಮವನ್ನು ಕೆಡಿಸಿದವನು ಯತಿಯೇ ಆಗಲಿ ಊರಗೌಡನೇ ಆಗಲಿ, ಗಂಗೆಯ ತಡಿಯಲ್ಲಿ ಹಸುವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುತ್ತಾನೆ. ಯತಿಯನ್ನು ಮೊದಲು ಹೆಸರಿಸಿರುವುದನ್ನು ಗಮನಿಸಬೇಕು. ಬೆಂಕಿ ಎಲ್ಲಿಂದ ಹೊತ್ತುತ್ತದೆಂದು ಕಲ್ಲು ಬರೆಸಿದವರು ಅರಿತಿದ್ದರು.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಜೈನ ಕ್ಷೇತ್ರದಲ್ಲಿ ನಿಂತ ಈ ಕಲ್ಲು ಮೊದಲಾಗುವುದೇ ರಾಮಾನುಜರ ಸ್ತುತಿಯಿಂದ. ಆ ಸ್ತುತಿ ಅವರನ್ನು ಪಾಷಂಡರೆಂಬ ಕಡಲನ್ನು ಸುಡುವ ಬೆಂಕಿಯೆಂದು ಕೊಂಡಾಡುತ್ತದೆ. ಶ್ರೀವೈಷ್ಣವರ ಕಣ್ಣಿನಲ್ಲಿ ಆ ಪಾಷಂಡರಲ್ಲಿ ಜೈನರೂ ಸೇರಿದ್ದರು. ತಮ್ಮನ್ನು ಕಾಯುವ ಆಜ್ಞೆಯ ನೆತ್ತಿಯ ಮೇಲೆ ತಮ್ಮನ್ನು ಹಳಿಯುವ ಶ್ಲೋಕವನ್ನು ಬೆಳಗೊಳದ ಶ್ರಾವಕರು ಸಹಿಸಿಕೊಂಡರು. ಕಾವಲೂ ಬಿಟ್ಟಿ ಬರಲಿಲ್ಲ. ರಾಜ್ಯದ ಜೈನರು ತಮ್ಮ ಒಪ್ಪಿಗೆಯಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿಕೊಡಬೇಕು, ತಿರುಮಲೆಯ ತಾತಯ್ಯ ಆ ಹಣದಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಡಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಕಾವಲಿನ ಖರ್ಚನ್ನು ಕಾಟ ತಿಂದವರೇ ಹೊತ್ತರು. ಇದು ಸಮಾನರ ಒಪ್ಪಂದವಲ್ಲ. ಆದರೂ ವೈಷ್ಣವ ಆಚಾರ್ಯನೊಬ್ಬ ವರ್ಷವರ್ಷವೂ ಲೆಕ್ಕ ಹಿಡಿದು ಜಿನಾಲಯದ ಗೋಡೆಗೆ ಸುಣ್ಣ ಮಾಡಿಸುವ ಏರ್ಪಾಡು ಕನ್ನಡ ನಾಡಿನಲ್ಲಿ ಆಗಿತ್ತು ಎಂಬುದು ಸಣ್ಣ ಮಾತಲ್ಲ. ಒಬ್ಬರ ಗುಡಿಯ ಗೋಡೆ ಬಿರುಕು ಬಿಟ್ಟಿದೆಯೇ ಎಂದು ಇನ್ನೊಬ್ಬರು ನೋಡಿಕೊಳ್ಳತೊಡಗಿದ ಮೇಲೆ ಅವರ ನಡುವೆ ಬೇರೆ ಬಗೆಯ ಮಾತು ಶುರುವಾಗುತ್ತದೆ.

ಜಗಳ ನಿಂತಿತೇ? ಎಂದೆಂದಿಗೂ ನಿಲ್ಲಲಿಲ್ಲ. ಯಲಹಂಕದ ಪ್ರಭುಗಳು ಬೆಂಗಳೂರು ಬಿಟ್ಟುಕೊಟ್ಟ ಆ 1638ರಲ್ಲೇ, ಬೇಲೂರು ನಾಯಕರ ಆಳ್ವಿಕೆಯ ಹಳೇಬೀಡಿನಲ್ಲಿ, ಹುಚ್ಚಪ್ಪದೇವನೆಂಬ ವೀರಶೈವ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ. ವಿಜಯಪ್ಪನೆಂಬವನು ಅದನ್ನು ಅಳಿಸಿದ. ಮಾತು ದೊಡ್ಡದಾಯಿತು. ವೀರಶೈವರ ಮಹಾಮಹತ್ತು ಎಂಬ ಸಭೆಯ ಹಿರಿಯರೂ ಜೈನ ಸೆಟ್ಟರೂ ಕೂಡಿ ತೀರ್ಮಾನಿಸಿದರು: ಮೊದಲು ವಿಭೂತಿ ವೀಳ್ಯದ ಮರ್ಯಾದೆ ಸಲ್ಲಿಸಿ, ಆಮೇಲೆ ಜೈನರು ತಮ್ಮ ಪದ್ಧತಿಯಂತೆಯೇ ಪಾರ್ಶ್ವನಾಥನ ಪೂಜೆ ನಡೆಸಿಕೊಳ್ಳಲಿ. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದ ವೀರಶೈವ ಮಹತ್ತಿಗೆ ಹೊರಗು, ಶಿವನಿಗೂ ಜಂಗಮನಿಗೂ ದ್ರೋಹಿ. ಇಲ್ಲಿಯೂ ಮೇಲುಗೈಯವರ ಮರ್ಯಾದೆ ಮೊದಲು ಬಂತು, ಆದರೆ ಅಡ್ಡಿಪಡಿಸುವವನಿಗೆ ಶಿಕ್ಷೆ ಕೊಡುವವರು ಅವನ ಮನೆಯ ಹಿರಿಯರೇ ಆದರು. ಬುಕ್ಕರಾಯನ ಏರ್ಪಾಡನ್ನು ಅರಸನ ನೆರವಿಗೆ ಕಾಯದೆ ಜನರೇ ಕಲಿತುಕೊಂಡಿದ್ದರು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಂಡಿಲ್ಲ.

ಎಲ್ಲರೂ ಕಲಿಯಲಿಲ್ಲ, ಎಲ್ಲ ವಿಷಯದಲ್ಲೂ ಕಲಿಯಲಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬಲಗೈ ಎಡಗೈ ಪಂಗಡಗಳ ಕಾದಾಟವನ್ನು ಬರೆದಿಟ್ಟಿದ್ದಾನೆ. ಅದೂ ಮದುವೆಯ ಮೆರವಣಿಗೆಯಲ್ಲಿ ಯಾರಿಗೆ ಯಾವ ಬಿರುದು, ಯಾರ ಬೀದಿಯಲ್ಲಿ ಯಾರು ಹೋಗಬಹುದು ಎಂಬುದಕ್ಕೇ. ಅಲ್ಲಿ ದೇವರು ನೆಪಕ್ಕೂ ಇರಲಿಲ್ಲ. ವಾದ್ಯದ ಜಗಳ ದೇವರಿಲ್ಲದೆಯೂ ನಡೆಯುತ್ತದೆ. ದೇವರು ಸೇರಿದರೆ ಮಾತ್ರ ಅದಕ್ಕೆ ಪುಣ್ಯದ ಬಣ್ಣ ಬರುತ್ತದೆ.

ಇಂದು ಯಲಹಂಕದಲ್ಲೋ ಹೆಬ್ಬಾಳದಲ್ಲೋ ಧ್ವನಿವರ್ಧಕಕ್ಕೆ, ಮೆರವಣಿಗೆಯ ದಾರಿಗೆ, ಬಾಡಿಗೆ ಮನೆಗೆ, ಅಂಗಡಿಯ ಬೋರ್ಡಿಗೆ ಮಾತು ಬಿಸಿಯಾಗುವಾಗ, ಅದನ್ನು ಧರ್ಮಚರ್ಚೆ ಎಂದು ನಾವು ಕರೆಯುತ್ತೇವೆ. ಅದು ಚರ್ಚೆಯಲ್ಲ. ಧರ್ಮಚರ್ಚೆ ಬೇಕೆನ್ನುವವರು ಮೊದಲು ಎದುರಿನವರ ಮನೆ, ಮಕ್ಕಳು, ಅಂಗಡಿ, ಗುಡಿ, ಮಸೀದಿ, ಇಗರ್ಜಿ ಯಾವುದಕ್ಕೂ ಅಪಾಯವಿಲ್ಲವೆಂದು ತಾವೇ ಹೊಣೆ ಹೊರಬೇಕು. ಸಂಖ್ಯೆಯಲ್ಲೂ ಬಲದಲ್ಲೂ ಹೆಚ್ಚಿರುವವರು ಮೊದಲು ಹೊರಬೇಕು. ಆಮೇಲೆ ಆತ್ಮದ ಕುರಿತು, ಮೋಕ್ಷದ ಕುರಿತು, ಒಬ್ಬನೇ ದೇವರೋ ಅನೇಕರೋ ಎಂಬುದರ ಕುರಿತು ರಾತ್ರಿಯಿಡೀ ಬಿರುಸಾಗಿ ವಾದ ಮಾಡಿರಿ. ಯಾರ ಮನೆಯೂ ಉರಿಯುವುದಿಲ್ಲ.

ಬೆಳಗೊಳದ ಕಲ್ಲಿನ ಕೊನೆಯ ಸಾಲುಗಳಲ್ಲಿ ಬರುವ ಹೆಸರು ಅರಸನದೂ ಅಲ್ಲ, ಆಚಾರ್ಯನದೂ ಅಲ್ಲ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು, ಈ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಅವನು. ಯಾವ ಯುದ್ಧವನ್ನೂ ಗೆದ್ದವನಲ್ಲ, ಯಾವ ಗ್ರಂಥವನ್ನೂ ಬರೆದವನಲ್ಲ. ಮಾಗಡಿ ಸೀಮೆಯ ಒಬ್ಬ ಸೆಟ್ಟಿ. ಜೈನರೂ ಶ್ರೀವೈಷ್ಣವರೂ, ಎರಡು ಸಮಯದವರೂ ಕೂಡಿ, ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು.